ಬೆಂಗಳೂರಿನಲ್ಲಿ ಪೇಂಟಿಂಗ್ ಮತ್ತು ವೈನ್ ಕ್ಲಾಸ್: ಬ್ರಶ್ ಹಿಡಿಯದವರು ಹೋಗಬಹುದಾ?

ಕೇಳಿದವರು: ಧಾರವಾಡದಿಂದ

ಮುಂದಿನ ತಿಂಗಳು ಆಫೀಸಿನ ಟ್ರೇನಿಂಗ್‌ಗೆ ಬೆಂಗಳೂರಿಗೆ ಬರುತ್ತಿದ್ದೇನೆ. ಶನಿವಾರ ಸಂಜೆ ಬಿಡುವು. ಅಲ್ಲೇ ಕೆಲಸದಲ್ಲಿರುವ ಚಿಕ್ಕಮ್ಮನ ಮಗಳು "ಅಕ್ಕಾ, ಪೇಂಟಿಂಗ್ ಮಾಡ್ತಾ ವೈನ್ ಕುಡಿಯೋ ಕ್ಲಾಸ್ ಇದೆ, ಹೋಗೋಣ" ಅಂತ ಹಿಂದೆ ಬಿದ್ದಿದ್ದಾಳೆ. ಹೈಸ್ಕೂಲಿನ ಡ್ರಾಯಿಂಗ್ ಪೀರಿಯಡ್ ಬಿಟ್ಟರೆ ನಾನು ಬ್ರಶ್ ಹಿಡಿದವಳಲ್ಲ. ಅವಳು ಒಂದು ಗ್ಲಾಸ್ ತಗೊಳ್ತಾಳೆ, ನನಗೆ ಆ ಅಭ್ಯಾಸ ಇಲ್ಲ. ನನ್ನಂಥವರು ಹೋದರೆ ಏನಾದರೂ ಬರೆಯೋಕೆ ಆಗುತ್ತದಾ, ಇಲ್ಲ ಸುಮ್ನೆ ಫೋಟೊ ತೆಗೆಸಿಕೊಂಡು ಬರೋದಾ? ಭಾನುವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ವಾಪಸ್. ಬರೆದ ಚಿತ್ರವನ್ನು ರೈಲಿನಲ್ಲಿ ಹೇಗೆ ತರುವುದು ಅನ್ನೋದೂ ಗೊತ್ತಿಲ್ಲ. ಹೋಗಿ ಬಂದವರು ಹೇಳಿ.

ಇಂದಿರಾನಗರದಿಂದ

ಧಾರಾಳವಾಗಿ ಹೋಗಿ. ಈ ಕ್ಲಾಸ್‌ಗಳು ಇರುವುದೇ ಬ್ರಶ್ ಹಿಡಿಯದವರಿಗೆ. ನಾನು ಇಲ್ಲೂ ಹೋಗಿದ್ದೇನೆ, ಗೋವಾಕ್ಕೆ ಹೋದಾಗ ಅಲ್ಲೂ ಕೂತಿದ್ದೇನೆ. ನಡೆಯುವ ರೀತಿ ಹೆಚ್ಚು ಕಡಿಮೆ ಒಂದೇ.

ಉದ್ದನೆಯ ಟೇಬಲ್ ಇರುತ್ತದೆ. ಒಬ್ಬೊಬ್ಬರ ಮುಂದೆ ಒಂದು ಪುಟ್ಟ ಈಸಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡ್), ಅದರ ಮೇಲೆ ಬಿಳಿ ಕ್ಯಾನ್ವಾಸ್. ಸಾಮಾನ್ಯವಾಗಿ 10x12 ಅಥವಾ 12x16 ಇಂಚಿನದು. ಪೇಪರ್ ತಟ್ಟೆಯಲ್ಲಿ ಅಕ್ರಿಲಿಕ್ ಬಣ್ಣ ಹಿಂಡಿಕೊಡುತ್ತಾರೆ. ಎರಡು ಮೂರು ಬ್ರಶ್, ಒಂದು ಲೋಟ ನೀರು, ಒರೆಸಲು ಟಿಶ್ಯೂ, ಹಾಕಿಕೊಳ್ಳಲು ಏಪ್ರನ್. ಕಲಿಸುವವರು ಮುಂದೆ ನಿಂತು ಒಂದು ಚಿತ್ರವನ್ನು ಹಂತ ಹಂತವಾಗಿ ಬರೆಯುತ್ತಾರೆ, ನೀವು ನೋಡಿಕೊಂಡು ಬರೆಯುತ್ತೀರಿ. ಮೊದಲು ಆಕಾಶ, ಆಮೇಲೆ ದೂರದ ಬೆಟ್ಟ, ಕೊನೆಗೆ ಹತ್ತಿರದ ಮರ. ಒಂದು ಪದರ ಒಣಗುವ ತನಕ ಕಾಯಬೇಕಲ್ಲ, ಆ ಹತ್ತು ಹದಿನೈದು ನಿಮಿಷದಲ್ಲೇ ವೈನು, ಹರಟೆ, ಫೋಟೊ ಎಲ್ಲ. ಒಟ್ಟು ಎರಡರಿಂದ ಮೂರು ಗಂಟೆ ಹಿಡಿಯುತ್ತದೆ.

ಸಂಜೆ ಚೆನ್ನಾಗಿ ಕಳೆಯುತ್ತದೋ ಇಲ್ಲವೋ ಅನ್ನೋದನ್ನ ತೀರ್ಮಾನಿಸುವುದು ವೈನಲ್ಲ, ಅವತ್ತಿನ ಚಿತ್ರ. ಬುಕ್ ಮಾಡುವ ಮೊದಲು ಯಾವ ಚಿತ್ರ ಅಂತ ನೋಡಿ. ಸಂಜೆಯ ಆಕಾಶದ ಎದುರು ಕಪ್ಪಾಗಿ ಕಾಣುವ ತೆಂಗಿನ ಮರ, ನೀರಿನ ಮೇಲೆ ಬೆಳದಿಂಗಳು, ತುಂಬಾ ಹೂ ಬಿಟ್ಟ ಮರ, ಇಂಥವು ಮೊದಲ ಸಲಕ್ಕೆ ಸರಿ. ಕೊಂಬೆ ಸ್ವಲ್ಪ ಆಚೀಚೆ ಹೋದರೂ ಮರ ಮರವಾಗಿಯೇ ಕಾಣುತ್ತದೆ. ಮುಖ, ಕುದುರೆ, ರಾಧಾಕೃಷ್ಣ ಇದ್ದರೆ ಬೇಡವೇ ಬೇಡ. ಮೂಗು ಒಂದು ನೂಲು ಜರುಗಿದರೆ ಕೃಷ್ಣ ಹೋಗಿ ಪಕ್ಕದ ಮನೆಯವರು ಬಂದು ಕೂತಿರುತ್ತಾರೆ.

ಇನ್ನೊಂದು, ಎಷ್ಟು ಜನಕ್ಕೆ ಎಷ್ಟು ಮಂದಿ ಕಲಿಸುತ್ತಾರೆ ಅಂತ ಕೇಳಿ. ಹತ್ತು ಹನ್ನೆರಡು ಜನಕ್ಕೆ ಒಬ್ಬರಿದ್ದರೆ ನಿಮ್ಮ ಹತ್ತಿರ ಬಂದು ನಿಂತು ತಿದ್ದುತ್ತಾರೆ. ಮೂವತ್ತು ಜನ, ಜೋರು ಮ್ಯೂಸಿಕ್, ಒಬ್ಬರೇ ಟೀಚರ್ ಅಂದರೆ ಅದು ಬರ್ತ್‌ಡೇ ಪಾರ್ಟಿ. ನಾನು ಕೊಟ್ಟಿದ್ದು ತಲೆಗೆ ಎರಡು ಸಾವಿರದ ಆಸುಪಾಸು. ಅದರಲ್ಲಿ ಬಣ್ಣ, ಕ್ಯಾನ್ವಾಸ್, ಒಂದು ಗ್ಲಾಸ್ ವೈನ್ ಸೇರಿತ್ತು. ಎರಡನೇ ಗ್ಲಾಸು, ತಿಂಡಿ, ಅದರ ಮೇಲಿನ ತೆರಿಗೆ ಎಲ್ಲ ಬೇರೆ ಬಿಲ್.

ಹನುಮಂತನಗರದಿಂದ

ನಾನು ಉಲ್ಟಾ ಹೇಳ್ತೀನಿ. ಅದೇ ದುಡ್ಡಿಗೆ ಕ್ಯಾಮ್ಲಿನ್ ಅಕ್ರಿಲಿಕ್ ಸೆಟ್, ನಾಲ್ಕು ಬ್ರಶ್, ಐದಾರು ಕ್ಯಾನ್ವಾಸ್ ಬೋರ್ಡ್ ಬರುತ್ತದೆ. ಯೂಟ್ಯೂಬ್ ಹಾಕಿಕೊಂಡು ತಂಗಿಯ ಮನೆಯಲ್ಲೇ ಕೂತು ಬರೆಯಿರಿ. ಎಲ್ಲರೂ ಒಂದೇ ಚಿತ್ರ ಬರೆದು, ಸಾಲಾಗಿ ಹಿಡಿದುಕೊಂಡು ಫೋಟೊಗೆ ನಿಲ್ಲೋದು ನೋಡಿದರೆ ನನಗಂತೂ ಸ್ಕೂಲ್ ಡೇ ನೆನಪಾಗುತ್ತದೆ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮಲ್ಲೇಶ್ವರ

ಮೇಲಿನವರು ಲೆಕ್ಕ ಸರಿಯಾಗಿಯೇ ಹೇಳಿದ್ದಾರೆ. ಆದರೆ ಸೆಟ್ ತಂದುಕೊಂಡ ಎಷ್ಟೋ ಮನೆಗಳಲ್ಲಿ ಅದು ಬೀರುವಿನ ಮೇಲೆ ಗಟ್ಟಿಯಾಗಿ ಕೂತಿರುವುದನ್ನೂ ನಾನು ನೋಡಿದ್ದೇನೆ. ಇನ್ನು ನೋಡಿ ಬರೆಯುವುದರಲ್ಲಿ ಏನೂ ತಪ್ಪಿಲ್ಲ. ನಾವೆಲ್ಲ ಗುರುಗಳ ಚಿತ್ರ ನೋಡಿಯೇ ಕೈ ತಿದ್ದಿಕೊಂಡವರು. ನನ್ನ ಮಗಳು ನನ್ನನ್ನೂ ಒಂದು ಸಲ ಇಂಥ ಕ್ಲಾಸ್‌ಗೆ ಎಳೆದುಕೊಂಡು ಹೋಗಿದ್ದಳು. ಪಕ್ಕದ ಟೇಬಲ್ಲಿನ ಮಕ್ಕಳು ಪಾಪ, ಬಣ್ಣದ ಜೊತೆ ಗುದ್ದಾಡುತ್ತಿದ್ದರು. ಅಲ್ಲಿ ಹೇಳಲು ಯಾರಿಗೂ ಪುರಸೊತ್ತು ಇರಲಿಲ್ಲ, ಇಲ್ಲಿ ಹೇಳುತ್ತೇನೆ.

ಅಕ್ರಿಲಿಕ್ ಬೇಗ ಒಣಗುವ ಬಣ್ಣ. ಹಸಿ ಇರುವಾಗ ನೀರಿಗೆ ಕರಗುತ್ತದೆ, ಒಣಗಿದ ಮೇಲೆ ಪ್ಲಾಸ್ಟಿಕ್ ಪೊರೆ. ಮತ್ತೆ ಕರಗುವುದಿಲ್ಲ. ಇದು ಹೊಸಬರಿಗೆ ಅನುಕೂಲವೇ. ಕೆಟ್ಟರೆ ಒಣಗಲು ಬಿಡಿ, ಮೇಲೆ ಇನ್ನೊಂದು ಪದರ ಎಳೆಯಿರಿ, ಕೆಳಗಿನದು ಮುಚ್ಚಿಹೋಗುತ್ತದೆ. ವಾಟರ್ ಕಲರ್‌ನಲ್ಲಿ ಈ ಸೌಲಭ್ಯ ಇಲ್ಲ. ತೊಂದರೆ ಏನೆಂದರೆ ಅರ್ಧ ಒಣಗಿದ್ದನ್ನು ಮತ್ತೆ ಮತ್ತೆ ತೀಡಿದರೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಹೊಸಬರು ಅದನ್ನೇ ಮಾಡುವುದು. ಕೈ ತೆಗೆಯಿರಿ, ಕಾಯಿರಿ.

ಬ್ರಶ್ಶನ್ನು ಬಣ್ಣದ ಸಮೇತ ಟೇಬಲ್ ಮೇಲೆ ಇಡಬೇಡಿ. ಒಣಗಿದರೆ ಕಡ್ಡಿಯಾಗುತ್ತದೆ. ಹಾಗಂತ ನೀರಿನಿಂದ ತೆಗೆದು ಒರೆಸದೆ ನೇರ ಕ್ಯಾನ್ವಾಸ್‌ಗೆ ಹೋಗಬೇಡಿ, ಬಣ್ಣ ಸೋರಿ ಕೆಳಗೆ ಇಳಿಯುತ್ತದೆ. ಒಂದು ಬಣ್ಣದ ಜೊತೆ ಇನ್ನೊಂದು ಬೆರೆಸಿ, ಬೇಕಿದ್ದರೆ ಬಿಳಿ. ಮೂರನೆಯದು, ನಾಲ್ಕನೆಯದು ಸೇರಿಸುತ್ತಾ ಹೋದರೆ ಎಲ್ಲ ಕೆಸರು ಬಣ್ಣಕ್ಕೆ ತಿರುಗುತ್ತದೆ. ಹಳದಿಗೆ ನೀಲಿ ಬೆರೆಸುವಾಗ ನೀಲಿ ಚಿಟಿಕೆಯಷ್ಟು ಸಾಕು. ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ, ಆದ್ದರಿಂದ ಆಕಾಶವನ್ನು ಕಣ್ಣಿಗೆ ಬೇಕೆನಿಸಿದ್ದಕ್ಕಿಂತ ಒಂದು ಹದ ತಿಳಿ ಬಣ್ಣದಲ್ಲೇ ಬಳಿಯಿರಿ. ಒಳ್ಳೆಯ ಸೀರೆ, ಚೂಡಿದಾರ್ ಹಾಕಿಕೊಂಡು ಹೋಗಬೇಡಿ. ಬಟ್ಟೆಗೆ ತಾಗಿ ಒಣಗಿದರೆ ಮುಗಿಯಿತು, ಹಸಿ ಇರುವಾಗಲೇ ಸೋಪು ನೀರಿನಲ್ಲಿ ಉಜ್ಜಬೇಕು.

ಶನಿವಾರ ಬೆಳಿಗ್ಗೆಯೂ ಬಿಡುವಿದ್ದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೆ ಹೋಗಿ. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಅಲ್ಲಿದೆ, 2009ರಲ್ಲಿ ಶುರುವಾದದ್ದು. ಮರಗಳ ನಡುವಿನ ಹಳೆಯ ಬಂಗಲೆ. ಚಿತ್ರಗಳ ಹತ್ತಿರ ಹೋಗಿ ಬ್ರಶ್ಶಿನ ಗುರುತು ಹೇಗೆ ಬಿದ್ದಿದೆ ಅಂತ ನೋಡಿ, ಸಂಜೆ ನಿಮ್ಮ ಕೈ ಸ್ವಲ್ಪ ಧೈರ್ಯ ಮಾಡುತ್ತದೆ. ಹೂ ಬಿಟ್ಟ ಮರ ಬರೆಸುವ ಕ್ಲಾಸ್ ಸಿಕ್ಕಿದರೆ ಹೋಗುವ ಮುಂಚೆ ರುಮಾಲೆ ಚೆನ್ನಬಸವಯ್ಯನವರ ಚಿತ್ರಗಳನ್ನು ಒಮ್ಮೆ ಹುಡುಕಿ ನೋಡಿ. ಸ್ವಾತಂತ್ರ್ಯ ಹೋರಾಟಗಾರರು, ಪತ್ರಿಕೆ ನಡೆಸಿದವರು, ಬೆಂಗಳೂರಿನ ಹೂಮರಗಳನ್ನು ಅವರಷ್ಟು ಪ್ರೀತಿಯಿಂದ ಬರೆದವರು ಕಡಿಮೆ. ಎಲೆ ಎಲೆ ಬರೆಯುವುದಿಲ್ಲ ಅವರು, ಬಣ್ಣದ ಚುಕ್ಕೆ ಇಡುತ್ತಾ ಹೋಗುತ್ತಾರೆ. ಹೊಸಬರು ಕಲಿಯಬೇಕಾದ್ದು ಅದನ್ನೇ.

ಬಸವನಗುಡಿಯಿಂದ

ನಾನೂ ಕುಡಿಯುವುದಿಲ್ಲ, ಆರಾಮಾಗಿ ಹೋಗಿ ಬಂದಿದ್ದೇನೆ. ಯಾರೂ ಒತ್ತಾಯ ಮಾಡುವುದಿಲ್ಲ, ಯಾರೂ ನೋಡುವುದೂ ಇಲ್ಲ. ಎಲ್ಲರಿಗೂ ಅವರವರ ತೆಂಗಿನ ಮರದ್ದೇ ಚಿಂತೆ. ಬುಕ್ ಮಾಡುವಾಗಲೇ "ನನಗೆ ವೈನ್ ಬೇಡ" ಅಂತ ಹೇಳಿ. ಕೆಲವರು ಜ್ಯೂಸ್ ಅಥವಾ ಮಾಕ್‌ಟೇಲ್ ಕೊಡುತ್ತಾರೆ, ಕೆಲವರು ದುಡ್ಡೇ ಕಡಿಮೆ ಮಾಡುತ್ತಾರೆ. ಅಲ್ಲಿಗೆ ಹೋದ ಮೇಲೆ ಹೇಳಿದರೆ ಎರಡೂ ಕಷ್ಟ.

ನಿಮ್ಮ ತಂಗಿಗೆ ಒಂದು ಮಾತು. ಪೋಸ್ಟರಿನಲ್ಲಿ ವೈನ್ ಗ್ಲಾಸಿನ ಚಿತ್ರ ಇದ್ದ ಮಾತ್ರಕ್ಕೆ ವೈನ್ ಸಿಗುತ್ತದೆ ಅಂದುಕೊಳ್ಳಬಾರದು. ಮದ್ಯ ಕೊಡಬೇಕಾದರೆ ಅಬಕಾರಿ ಲೈಸೆನ್ಸ್ ಬೇಕು. ಸಣ್ಣ ಆರ್ಟ್ ಸ್ಟುಡಿಯೊ, ಕೆಫೆಗಳಲ್ಲಿ ಅದು ಇರುವುದು ಅಪರೂಪ. ನನ್ನ ಗೆಳತಿಯರ ಗುಂಪು ಹೋದ ಒಂದು ಕಡೆ ವೈನ್ ಗ್ಲಾಸಿನಲ್ಲಿ ದ್ರಾಕ್ಷಿ ಜ್ಯೂಸ್ ಕೊಟ್ಟು "ಇದೇ ನಮ್ಮ ಥೀಮ್" ಅಂದರಂತೆ. ಪೂರ್ತಿ ದುಡ್ಡು ತಗೊಂಡೇ! ನಿಜವಾದ ವೈನ್ ಬೇಕಿದ್ದರೆ ರೆಸ್ಟೋರೆಂಟ್ ಅಥವಾ ಪಬ್‌ನಲ್ಲಿ ನಡೆಯುವ ಕ್ಲಾಸ್ ಹುಡುಕಿ. ಅಲ್ಲಿ 21 ತುಂಬಿದೆಯಾ ಅಂತ ಕೇಳುತ್ತಾರೆ, ಗುರುತಿನ ಚೀಟಿ ಜೊತೆಗಿರಲಿ. ನಿಮಗೆ ಹೇಗೂ ಬೇಡವಲ್ಲ, ತಂಗಿ ಒಪ್ಪಿದರೆ ಸ್ಟುಡಿಯೊ ಕ್ಲಾಸೇ ಉತ್ತಮ ಅನ್ನೋದು ನನ್ನ ಅಭಿಪ್ರಾಯ. ಬೆಳಕು ಚೆನ್ನಾಗಿರುತ್ತದೆ. ಪಬ್ಬಿನ ಮಬ್ಬು ಬೆಳಕಿನಲ್ಲಿ ನೀಲಿ ಯಾವುದು, ನೇರಳೆ ಯಾವುದು ಗೊತ್ತಾಗುವುದಿಲ್ಲ. ಮನೆಗೆ ಬಂದು ಟ್ಯೂಬ್‌ಲೈಟಿನಲ್ಲಿ ನೋಡಿದಾಗ ಬೇರೆಯೇ ಚಿತ್ರ.

ಯಲಹಂಕದಿಂದ

ಯಾವ ವೈನ್, ಹೇಗೆ ಕುಡಿಯೋದು ಅಂತ ಯಾರೂ ಹೇಳಲೇ ಇಲ್ಲ, ಅದಕ್ಕೆ ನಾನು.

ತಂಗಿಗೆ ಆಯ್ಕೆ ಕೊಟ್ಟರೆ ಮೊದಲು ತಣ್ಣಗಿರುವ ವೈಟ್ ವೈನ್ ಕೇಳಲಿ. ಕೆಂಪು ವೈನ್ ಚೆನ್ನಾಗಿಯೇ ಇರುತ್ತದೆ, ಆದರೆ ಅಭ್ಯಾಸ ಇಲ್ಲದವರಿಗೆ ಅದರ ಒಗರು ನಾಲಿಗೆಗೆ ಹಿಡಿಯುತ್ತದೆ. ಆ ಒಗರು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವಂಥದ್ದು. ಹೋಗುವ ಮೊದಲು ಹೊಟ್ಟೆಗೆ ಏನಾದರೂ ಬಿದ್ದಿರಲಿ. ಗ್ಲಾಸು ಎಡಗಡೆ, ಬ್ರಶ್ ತೊಳೆಯುವ ನೀರಿನ ಲೋಟ ಬಲಗಡೆ, ಇದನ್ನು ಮಾತ್ರ ಮರೆಯಬೇಡಿ. ಪ್ರತಿ ಕ್ಲಾಸಿನಲ್ಲೂ ಒಬ್ಬರಾದರೂ ಬ್ರಶ್ಶನ್ನು ವೈನಿಗೆ ಅದ್ದುತ್ತಾರೆ. ಅದ್ದಿದ ಮೇಲೆ ಅದನ್ನು ಚೆಲ್ಲಲೇಬೇಕು, ಬಣ್ಣ ಹೊಟ್ಟೆಗೆ ಹೋಗುವ ವಸ್ತು ಅಲ್ಲ.

ನಮ್ಮ ಸುತ್ತಮುತ್ತಲೇ ವೈನ್ ಆಗುತ್ತದೆ ಅನ್ನೋದು ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ನಂದಿ ಬೆಟ್ಟದ ಕೆಳಗೆ, ದೊಡ್ಡಬಳ್ಳಾಪುರದ ಕಡೆ ಗ್ರೋವರ್ ದ್ರಾಕ್ಷಿ ತೋಟ ಇದೆ, ಊರಿನಿಂದ ಸುಮಾರು 40 ಕಿಲೋಮೀಟರ್. ಫ್ರಾನ್ಸಿನ ತಳಿಗಳನ್ನು ಅಲ್ಲಿ 1980ರ ದಶಕದ ಕೊನೆಗೇ ನೆಟ್ಟರು. ಎತ್ತರದ ಜಾಗ, ರಾತ್ರಿ ತಂಪು, ಹಾಗಾಗಿ ಹಣ್ಣು ನಿಧಾನಕ್ಕೆ ಮಾಗುತ್ತದೆ. ಅಂದಹಾಗೆ ಮೇಷ್ಟ್ರು ಹೇಳಿದ ರುಮಾಲೆಯವರ ಊರೂ ದೊಡ್ಡಬಳ್ಳಾಪುರವೇ. ನಾವು ಚಿಕ್ಕಂದಿನಿಂದ ಸಿಪ್ಪೆ ಉಗಿದು ತಿಂದ ಕಪ್ಪು ದ್ರಾಕ್ಷಿ ಇದೆಯಲ್ಲ, ಬೆಂಗಳೂರು ನೀಲಿ ದ್ರಾಕ್ಷಿ, ಅದಕ್ಕೆ 2013ರಲ್ಲಿ ಜಿಐ ಟ್ಯಾಗ್ (ಈ ಸೀಮೆಯದೇ ಬೆಳೆ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ. ಸಿಹಿಯಾದ ಪೋರ್ಟ್ ತರಹದ ವೈನ್‌ಗೆ ಅದನ್ನು ಬಳಸುತ್ತಾರೆ. ಇಡೀ ಹಗಲು ಬಿಡುವಿದ್ದರೆ ತೋಟ ನೋಡಿಕೊಂಡು ಬರಬಹುದು. ಮೊದಲೇ ಬುಕ್ ಮಾಡಿ ಹೋಗಬೇಕು. ಒಂದೇ ಸಂಜೆ ಕೈಯಲ್ಲಿದ್ದರೆ ಆ ಆಸೆ ಬೇಡ.

ರಾಜಾಜಿನಗರದಿಂದ

ಎಲ್ಲರೂ ಚಿತ್ರ ನೋಡಿ ಆರಿಸಿ ಅಂತಾರೆ. ನಾನು ಮ್ಯಾಪ್ ನೋಡಿ ಆರಿಸಿ ಅಂತೀನಿ. ಶನಿವಾರ ಸಂಜೆ ಈ ಊರಿನ ಟ್ರಾಫಿಕ್ ಗೊತ್ತಲ್ವಾ? ಕ್ಲಾಸ್ ಶುರುವಾದ ಅರ್ಧ ಗಂಟೆಗೆ ಹೋದರೆ ಆಕಾಶ ಮುಗಿದಿರುತ್ತದೆ, ಆಮೇಲೆ ಓಡಿ ಹಿಡಿಯೋಕಾಗಲ್ಲ. ಎಂ.ಜಿ. ರೋಡ್, ಇಂದಿರಾನಗರದ ಕಡೆ ಇದ್ದರೆ ನೇರಳೆ ಮಾರ್ಗದ ಮೆಟ್ರೊ ಹಿಡಿಯಿರಿ. ತಂಗಿ ಸ್ಕೂಟಿಯಲ್ಲಿ ಕರೆದುಕೊಂಡು ಹೋಗ್ತೀನಿ ಅಂದರೆ ಬೇಡ ಅನ್ನಿ. ಕುಡಿದು ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೇ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. ಮಿತಿ ಇರುವುದು 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್.

ಶಿವಮೊಗ್ಗದಿಂದ

ಚಿತ್ರ ಒಯ್ಯುವ ವಿಷಯ ನನಗೆ ಬಿಡಿ. ಎಲ್ಲಿ ಹೋದರೂ ಒಂದು ಚಿತ್ರ ಬರೆದು ಊರಿಗೆ ತರುವ ಚಾಳಿ ನನ್ನದು.

ಶನಿವಾರ ಬರೆದು ಭಾನುವಾರ ರಾತ್ರಿ ಹೊರಡುತ್ತೀರಿ ಅಂದರೆ ಚಿಂತೆಯೇ ಇಲ್ಲ. ತೆಳುವಾಗಿ ಹಚ್ಚಿದ್ದು ಆ ರಾತ್ರಿಯೇ ಕೈಗೆ ಹತ್ತದ ಹಾಗೆ ಒಣಗಿರುತ್ತದೆ. ದಪ್ಪಗೆ ಮೆತ್ತಿದ ಜಾಗ ಮಾತ್ರ ಒಳಗೆ ಮೆತ್ತಗೇ ಇರುತ್ತದೆ. ತಂಗಿ ಮನೆಯಲ್ಲಿ ಫ್ಯಾನ್ ಕೆಳಗೆ ಇಡಿ, ಬಿಸಿಲಿಗೆ ಬೇಡ. ಹೊರಡುವಾಗ ಬಣ್ಣದ ಮೇಲೆ ಬಟರ್ ಪೇಪರ್ ಹಾಕಿ, ಹಿಂದೆ ಮುಂದೆ ರಟ್ಟು ಇಟ್ಟು ಟೇಪ್ ಸುತ್ತಿ. ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಬಣ್ಣಕ್ಕೆ ತಾಗಬಾರದು, ಸೆಕೆಗೆ ಗುಳ್ಳೆಯ ಅಚ್ಚು ಬೀಳುತ್ತದೆ. ನ್ಯೂಸ್‌ಪೇಪರ್ ಅಂತೂ ಬೇಡವೇ ಬೇಡ, ಅಂಟಿಕೊಳ್ಳುತ್ತದೆ. ನಿಮ್ಮದು, ತಂಗಿಯದು ಎರಡನ್ನೂ ಮುಖಕ್ಕೆ ಮುಖ ಸೇರಿಸಿ ಕಟ್ಟಬೇಡಿ. ರೈಲಿನಲ್ಲಿ ಸೀಟಿನ ಕೆಳಗೆ ತಳ್ಳುವ ಬದಲು ಮೇಲಿನ ಬರ್ತ್‌ನಲ್ಲಿ ಗೋಡೆಗೆ ಒರಗಿಸಿ.

ಇನ್ನೂ ಸುಲಭದ ದಾರಿ ಇದೆ. ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ಬದಲು ಚಪ್ಪಟೆ ಕ್ಯಾನ್ವಾಸ್ ಬೋರ್ಡ್ ಕೊಡ್ತೀರಾ ಅಂತ ಕೇಳಿ. ಬಟ್ಟೆ ಇಡುವ ಬ್ಯಾಗಿನಲ್ಲೇ ಹೋಗುತ್ತದೆ. ಬಿಡಿ ಕ್ಯಾನ್ವಾಸ್ ಆದರೆ ಚೆನ್ನಾಗಿ ಒಣಗಿದ ಮೇಲೆ ಸುರುಳಿ ಸುತ್ತಬಹುದು, ಬಣ್ಣ ಹೊರಮುಖ ಇರಬೇಕು. ಒಳಮುಖ ಸುತ್ತಿದರೆ ಬಣ್ಣ ಮುದುರಿ ಬಿರುಕು ಬಿಡುತ್ತದೆ.

ಧಾರವಾಡದಿಂದ

ಎಲ್ಲರಿಗೂ ಥ್ಯಾಂಕ್ಸ್ ರೀ. ಮೇಷ್ಟ್ರು ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. ತಂಗಿ ಈಗಾಗಲೇ ಒಂದು ಪಬ್‌ನಲ್ಲಿ ಸೀಟ್ ನೋಡಿಟ್ಟಿದ್ದಾಳೆ, ಚಿತ್ರ ಹೂಬಿಟ್ಟ ಮರ. ದುಡ್ಡು ಮೊದಲೇ ಕಟ್ಟಬೇಕಂತೆ. ಕಟ್ಟಿದ ಮೇಲೆ ಕ್ಲಾಸೇ ನಡೆಯದಿದ್ದರೆ?

ಬಸವನಗುಡಿಯಿಂದ

ಅದು ಆಗುತ್ತಿರುತ್ತದೆ. ಸೀಟ್ ತುಂಬದಿದ್ದರೆ ಮುಂದಿನ ವಾರಕ್ಕೆ ಹಾಕುತ್ತಾರೆ. ಊರಲ್ಲಿರುವವರಿಗೆ ಪರವಾಗಿಲ್ಲ, ನಿಮಗೆ ಮುಂದಿನ ವಾರ ಅಂದರೆ ಏನು ಪ್ರಯೋಜನ? "ನಾನು ಹೊರಊರಿನವಳು, ಮುಂದೂಡಿದರೆ ದುಡ್ಡು ವಾಪಸ್ ಕೊಡ್ತೀರಾ" ಅಂತ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಕ್ಯಾಲೆಂಡರನ್ನೂ ಒಮ್ಮೆ ನೋಡಿ. ಗಾಂಧಿ ಜಯಂತಿ ದಿನ ಮದ್ಯ ಮಾರುವಂತಿಲ್ಲ. ಚುನಾವಣೆ ಇದ್ದರೆ ಮತದಾನ ಮುಗಿಯುವ ಮುಂಚಿನ 48 ಗಂಟೆಯೂ ಬಂದ್. ಅಂಥ ದಿನ ಪಬ್ಬಿನ ಕ್ಲಾಸ್ ನಡೆದರೂ ಗ್ಲಾಸಿನಲ್ಲಿ ಜ್ಯೂಸೇ. ಹಗಲಿನ ಬ್ಯಾಚ್ ಇದ್ದರೆ ಅದನ್ನೇ ಹಿಡಿಯಿರಿ, ಬೆಳಕೂ ಇರುತ್ತದೆ, ಕಿಟಕಿ ಪಕ್ಕದ ಟೇಬಲ್ ಕೇಳಿ.