ಮೂರೇ ಜನ ಇಡೀ ಸ್ಟೇಜ್ ತುಂಬಿಸೋದು ಹೇಗೆ? (ದಿ ಪೊಲೀಸ್ ಲೈವ್)

ಬೇಸ್‌ಹುಚ್ಚ:
ಎಲ್ರಿಗೂ ನಮಸ್ಕಾರ. ನಾನು ಬೇಸ್ ನುಡಿಸ್ತೀನಿ, ನಮ್ ಬ್ಯಾಂಡಲ್ಲಿ ಹಾಡೋದೂ ನಾನೇ. ಒಂದು ವಾರದಿಂದ ದಿ ಪೊಲೀಸ್ ಅನ್ನೋ ರಾಕ್ ಬ್ಯಾಂಡಿನ ಲೈವ್ ಆಲ್ಬಂ ಬಿಟ್ಟು ಬೇರೇನೂ ಕೇಳಿಲ್ಲ, 1995ರಲ್ಲಿ ಬಂತಲ್ಲ ಎರಡು ಡಿಸ್ಕಿಂದು, ಅದ್ರಲ್ಲಿ ಮೊದಲನೇದು 1979ರ ಬಾಸ್ಟನ್ ಶೋ. ಬೇಸ್ ಮತ್ತೆ ಹಾಡಿಗೆ ಸ್ಟಿಂಗ್, ಗಿಟಾರಿಗೆ ಆಂಡಿ ಸಮ್ಮರ್ಸ್, ಡ್ರಮ್ಸಿಗೆ ಸ್ಟೂವರ್ಟ್ ಕೋಪ್‌ಲ್ಯಾಂಡ್, ಮುಗೀತು. ಆದ್ರೂ ಎಲ್ಲೂ ಖಾಲಿ ಅನ್ಸಲ್ಲ. ನಾವು ಐದು ಜನ ಇದ್ದೀವಿ, ಒಟ್ಟಿಗೆ ಶುರು ಹಚ್ಕೊಂಡ್ರೆ ಬರೀ ಗದ್ದಲ. ಇನ್ನೊಂದು, ಬೇಸ್ ಒಂದು ದಾರಿ ಹಿಡಿದ್ರೆ ಹಾಡು ಇನ್ನೊಂದು ದಾರಿ ಹಿಡಿದಿರತ್ತೆ, ಎರಡನ್ನೂ ಒಬ್ಬನೇ ಮಾಡ್ತಿದಾನೆ ಅಂತ ನೆನಪಾದಾಗೆಲ್ಲ ಮೈ ಜುಂ ಅನ್ನತ್ತೆ, ಅದರ ಕಷ್ಟ ಏನು ಅಂತ ನನ್ನ ಬೆರಳಿಗೆ ಗೊತ್ತು. ಇವ್ರು ಅಲ್ಲಿ ಏನು ಮಾಡ್ತಿದಾರೆ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಆರುತಂತಿ:
ಸಮ್ಮರ್ಸ್ ನುಡಿಸೋ ಕಾರ್ಡ್ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ಗಮನ ಇಟ್ಟು ಕೇಳಿ. ಎಷ್ಟೋ ಕಡೆ ಥರ್ಡ್ (ಮೂಲಸ್ವರದಿಂದ ಮೂರನೇದು) ಬಿಟ್ಟು ನೈನ್ತ್ (ಒಂಬತ್ತನೇದು) ಸೇರಿಸ್ತಾರೆ. ಥರ್ಡ್ ಇಲ್ಲ ಅಂದ್ರೆ ಆ ಕಾರ್ಡು ಮೇಜರ್ರೋ ಮೈನರ್ರೋ ಗಿಟಾರ್ ಹೇಳಲ್ಲ, ಆ ಮಾತು ಬೇಸಿಗೂ ದನಿಗೂ ಬಿಟ್ಟಿದ್ದು, ಅದಕ್ಕೇ ಸ್ಟಿಂಗ್ ಒಂದು ನೋಟ್ ಸರಿಸಿದ್ರೆ ಹಾಡಿನ ಬಣ್ಣನೇ ಬದಲಾಗತ್ತೆ. ಮೇಲೆ ಎಕೋಪ್ಲೆಕ್ಸ್ ಅನ್ನೋ ಟೇಪ್ ಡಿಲೇ ಇತ್ತು, ಒಂದ್ಸಲ ಮೀಟಿದ್ದು ಹಿಂದ್ಹಿಂದೆ ಕೇಳ್ತಾ ಹೋಗತ್ತೆ, ಎರಡನೇ ಗಿಟಾರಿನ ಜಾಗ ಅದೇ ತುಂಬತ್ತೆ. ಆದ್ರೆ ಪೆಡಲ್ ಕೊಂಡ್ರೆ ಸಾಲದು. ನಾನು ಡಿಲೇ ಹಾಕ್ಕೊಂಡು ಮೊದಲಿನಷ್ಟೇ ನೋಟ್ಸ್ ಬಾರಿಸ್ತಿದ್ದೆ, ಎಲ್ಲಾ ಕಲಸಿ ಹೋಗ್ತಿತ್ತು, ಕೈ ಕಮ್ಮಿ ಮಾಡಿದ್ಮೇಲೇ ಅದು ಹಾಡೋಕೆ ಶುರು ಮಾಡಿದ್ದು.

ಹೈಹ್ಯಾಟ್:
ಡ್ರಮ್ಮರ್ ಕಡೆಯಿಂದ ಹೇಳ್ತೀನಿ. ರೆಗೆ ಅನ್ನೋ ಜಮೈಕಾ ಸಂಗೀತದಲ್ಲಿ ವನ್ ಡ್ರಾಪ್ ಅಂತಾರೆ, ಮೊದಲನೇ ಬೀಟ್ ಖಾಲಿ, ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಬೀಳೋದು ಮೂರನೇದಕ್ಕೆ. ಕೋಪ್‌ಲ್ಯಾಂಡ್ ಇದನ್ನ ರಾಕ್ ವೇಗಕ್ಕೆ ತಂದು ಮಧ್ಯದಲ್ಲಿ ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಮೇಲೆ ಸಣ್ಣ ಸಣ್ಣ ಕುಸುರಿ ಮಾಡ್ತಾರೆ. ಎಲ್ರೂ ಒಂದನೇ ಬೀಟನ್ನ ಕಾಯ್ತಿರ್ತಾರೆ, ಅವ್ರು ಅದನ್ನ ಕೊಡಲ್ಲ, ಕೇಳೋರ ಮೈಯೇ ಆ ಬೀಟ್ ಹಾಕ್ಕೊಳತ್ತೆ. ಬಾಸ್ಟನ್ ಶೋ ಸ್ಟುಡಿಯೋಗಿಂತ ಸ್ಪೀಡು, ಕೆಲವು ಕಡೆ ಓಡ್ತಿದೆ ಅಂತ ಗೊತ್ತಾಗತ್ತೆ, ನಂಗಂತೂ ಆ ಓಟನೇ ಇಷ್ಟ, ಮೂರೂ ಜನ ಒಟ್ಟಿಗೇ ಓಡ್ತಿದಾರಲ್ಲ. ಎರಡನೇ ಡಿಸ್ಕು 1983ರ ಅಟ್ಲಾಂಟಾದ್ದು, ಅಷ್ಟೊತ್ತಿಗೆ ಹಿಂದೆ ಮೂರು ಜನ ಸಿಂಗರ್ಸ್ ಬಂದಿದ್ರು, ಸೌಂಡ್ ತುಂಬ್ಕೊಂಡಿದೆ ನಿಜ, ನನ್ನ ಮನಸ್ಸು ಮಾತ್ರ ಬಾಸ್ಟನ್ನಲ್ಲೇ.

ಆರುತಂತಿ:
ಅಟ್ಲಾಂಟಾ ವಿಷಯ ಒಪ್ಪಲ್ಲ 🙂 ದೊಡ್ಡ ಅರೀನಾದಲ್ಲಿ ಹಾಡು ಕೊನೇ ಸಾಲಿಗೂ ಮುಟ್ಬೇಕಲ್ವಾ, ಆ ದನಿಗಳು ಸ್ಟಿಂಗ್‌ಗೆ ಉಸಿರಾಡೋಕೆ ಜಾಗ ಕೊಟ್ವು. ಇರ್ಲಿ. 2007ರಲ್ಲಿ ಮತ್ತೆ ಸೇರಿ ವ್ಯಾಂಕೂವರಲ್ಲಿ ಟೂರ್ ಶುರು ಮಾಡಿದ್ರು, ಎರಡನೇ ರಾತ್ರಿ ಶೋ ಎಲ್ಲೆಲ್ಲೋ ದಾರಿ ತಪ್ಪಿತು ಅಂತ ಸ್ವತಃ ಕೋಪ್‌ಲ್ಯಾಂಡೇ ತಮ್ಮ ವೆಬ್‌ಸೈಟಲ್ಲಿ ಬರ್ಕೊಂಡ್ರು, ಸೆಟ್ ಮುಗಿಸಿ ಬ್ಯಾಕ್‌ಸ್ಟೇಜಿಗೆ ಬಂದು ಮೂರೂ ಜನ ತಬ್ಕೊಂಡು ನಕ್ರಂತೆ. ಅದನ್ನ ಓದಿದ್ಮೇಲೆ ಅವ್ರ ಮೇಲೆ ಗೌರವ ಇನ್ನೂ ಜಾಸ್ತಿ ಆಯ್ತು.

ಬೇಸ್‌ಹುಚ್ಚ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಈಗಷ್ಟೇ ಪ್ರಾಕ್ಟೀಸ್ ಮುಗಿಸಿ ಬಂದೆ. ಮೊದಲ ಚರಣಕ್ಕೆ ಕೀಬೋರ್ಡ್ ಬೇಡ ಅಂದೆ, ಡ್ರಮ್ಮರ್‌ಗೆ ಒಂದನೇ ಬೀಟನ್ನ ಬಿಡು ಅಂದೆ, ನಾಲ್ಕು ಸಲ ಎಡವಿದ್ವಿ, ಐದನೇ ಸಲ ನನ್ನ ಬೇಸ್ ನಂಗೇ ಕೇಳಿಸ್ತು. ಹೈಹ್ಯಾಟ್, ಆ ಖಾಲಿ ಒಂದರ ಮೇಲೆ ಹಾಡು ಎತ್ಕೊಬೇಕಾದ್ರೆ ಎಣಿಕೆ ಎಲ್ಲಿಂದ ಹಿಡೀಲಿ?

ಹೈಹ್ಯಾಟ್:
ಎಣಿಸ್ಬೇಡಿ, ಹಿಂದಿನ ಬಾರಿನ (ನಾಲ್ಕು ಬೀಟಿನ ಸುತ್ತಿನ) ಮೂರನೇ ಬೀಟ್ ಕಿಕ್ ಕೇಳಿ ಅಲ್ಲೇ ಉಸಿರು ಎಳ್ಕೊಳಿ, ಒಂದು ತಾನಾಗೇ ಬಾಯಿಗೆ ಬರತ್ತೆ.