ಸಹಾಯ ಬೇಕು: ಹಳೇ ಮಾಳಿಗೆ ಮನೆಯನ್ನು ಭೂಕಂಪ ತಡೆಯುವ ಹಾಗೆ ಗಟ್ಟಿ ಮಾಡಿಸಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲ್ಲೂಕು. 2021ರ ಅಕ್ಟೋಬರ್‌ನಲ್ಲಿ ಗಡಿಕೇಶ್ವರದ ಸುತ್ತ ಭೂಮಿ ಪದೇಪದೇ ನಡುಗಿತಲ್ಲ, ಆಗ ನಾವೂ ಅಂಗಳದಲ್ಲೇ ಮಲಗಿದ್ದೆವು. ಈಗಲೂ ಪಾತ್ರೆ ಅಲುಗಾಡಿದ ಸದ್ದಾದರೆ ಅವ್ವ ಬಾಗಿಲ ಕಡೆ ಓಡುತ್ತಾಳೆ.

ಮನೆ ಅಜ್ಜ ಕಟ್ಟಿಸಿದ್ದು. ಕಲ್ಲು-ಮಣ್ಣಿನ ದಪ್ಪ ಗೋಡೆ, ತೊಲೆ, ಜಂತೆ, ಅದರ ಮೇಲೆ ಒಂದೂವರೆ ಅಡಿ ಮಣ್ಣು. ಸೋರಿದಾಗೆಲ್ಲ ಮತ್ತಷ್ಟು ಮಣ್ಣು ಹಾಕುತ್ತಲೇ ಬಂದಿದ್ದೇವೆ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿ ಕಡೆ ಜನ ಜಾಸ್ತಿ ಸತ್ತಿದ್ದು ಇಂಥ ಮನೆಗಳ ಕೆಳಗೇ ಅಲ್ವಾ? ಗೋಡೆಯ ಒಳಪದರ, ಹೊರಪದರ ಬಿಟ್ಟುಕೊಂಡು ಮಾಳಿಗೆ ಭಾರವೆಲ್ಲ ಮೈಮೇಲೆ ಬಿತ್ತು. ನಮ್ಮ ಅಡುಗೆಮನೆಯ ಮೂಲೆ ಬಿರುಕಿನಲ್ಲಿ ಈಗ ನನ್ನ ಕಿರುಬೆರಳು ಹೋಗುತ್ತದೆ. ಪಕ್ಕದ ಗೋಡೆ ನಡುವೆ ಹೊರಗೆ ಉಬ್ಬಿದೆ.

ಕೆಡವಿ ಆರ್‌ಸಿಸಿ ಹಾಕಿಸಿ ಅನ್ನುತ್ತಾರೆ. ಅಷ್ಟು ದುಡ್ಡಿಲ್ಲ. ನಮ್ಮ ಕಡೆಯ ಬೇಸಿಗೆಗೆ ಈ ಮನೆಯ ತಂಪೂ ಬೇಕು.

ಮಾಳಿಗೆ ಮಣ್ಣು ಇಳಿಸಿ ಹಗುರ ಮಾಡುವುದು, ಗೋಡೆಯ ಎರಡೂ ಪದರ ಹಿಡಿಯುವಂಥ ಉದ್ದ ಕಲ್ಲು ಕೂರಿಸುವುದು, ಬಾಗಿಲು-ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆ ಸುತ್ತ ಪಟ್ಟಿ ಕಟ್ಟುವುದು, ಇಷ್ಟು ಓದಿ ತಿಳಿದಿದ್ದೇನೆ. ಮೊದಲು ಯಾವುದು ಮಾಡಿಸಲಿ? ಉಬ್ಬಿದ ಗೋಡೆಯಲ್ಲಿ ಕಲ್ಲು ಬಿಚ್ಚುವಾಗ ತೊಲೆಗೆ ಆಸರೆ ಹೇಗೆ ಕೊಡಬೇಕು? ಮಣ್ಣು ಇಳಿಸಿದ ಮೇಲೆ ಸೋರದ ಹಾಗೆ ಏನು ಹಾಕಿದ್ದೀರಿ? ಬೀದರ್, ಕಲಬುರಗಿ, ಲಾತೂರು ಕಡೆ ಈ ಕೆಲಸ ಮಾಡಿಸಿದವರಿದ್ದರೆ ದಯವಿಟ್ಟು ಖರ್ಚು ಹೇಳಿ, ಬಲ್ಲ ಗೌಂಡಿ ಇದ್ದರೆ ತಿಳಿಸಿ. ಮಳೆಗಾಲದೊಳಗೆ ಮುಗಿಸಬೇಕು. ಬಿರುಕಿನ ಫೋಟೋ ಕೇಳಿದರೆ ಹಾಕುತ್ತೇನೆ.