ರಕ್ಷಣಾ ಅನುದಾನದ ಯೋಜನೆಯಲ್ಲಿ ಪಿಎಚ್‌.ಡಿ.: ಸೇರುವ ಮೊದಲು ಏನನ್ನು ಕೇಳಿ ತಿಳಿಯಬೇಕು?

ಪ್ರಶ್ನೆ — ತುಂಗಾತೀರ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಟೆಕ್. ಮುಗಿಸಿರುವ ನನಗೆ ಬೆಂಗಳೂರಿನ ಶಿಕ್ಷಣ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ, ರಕ್ಷಣಾ ಸಚಿವಾಲಯದ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಅನುದಾನದ ಯೋಜನೆಯಡಿ ಪಿಎಚ್‌.ಡಿ. ಮಾಡುವ ಅವಕಾಶ ಬಂದಿದೆ. ರೇಡಾರ್‌ಗಳಲ್ಲಿ ಬಳಸುವ ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕದ ಟ್ರಾನ್ಸಿಸ್ಟರ್‌ಗಳು ಬಿಸಿಯೇರಿದಾಗ ಅವುಗಳ ಸಾಮರ್ಥ್ಯ ಏಕೆ ಕುಂದುತ್ತದೆ ಎಂಬುದು ವಿಷಯ. ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಆದರೆ ಅಲ್ಲಿಯೇ ಓದಿದ ಹಿರಿಯರೊಬ್ಬರು, ಇಂಥ ಯೋಜನೆಗಳಲ್ಲಿ ಪೇಪರ್ ಹೊರಬರುವುದೇ ಕಷ್ಟ ಎಂದು ಎಚ್ಚರಿಸಿದ್ದಾರೆ. ನಮ್ಮ ತಂದೆಯವರು ಹೈಸ್ಕೂಲು ಮೇಷ್ಟ್ರು, "ಇಷ್ಟು ಓದಿದ್ದು ಯುದ್ಧದ ಸಾಮಾನು ಮಾಡುವುದಕ್ಕೇನಮ್ಮಾ?" ಎಂದು ಕೇಳಿದರು. ಎರಡಕ್ಕೂ ನನ್ನ ಬಳಿ ಉತ್ತರವಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 — ನಿವೃತ್ತ ಅಧ್ಯಾಪಕ

ಇಂಥ ಯೋಜನೆಗಳ ನಡುವೆಯೇ ವೃತ್ತಿಜೀವನ ಕಳೆದವನು ನಾನು. ಬೆಂಗಳೂರಿನ ಮಟ್ಟಿಗೆ ಇದು ಹೊಸ ಸಂಗತಿಯೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಇಲ್ಲಿ ಆರಂಭವಾಯಿತು. ಅದಾದ ಎರಡೇ ವರ್ಷಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಡಿಆರ್‌ಡಿಒ ಹುಟ್ಟಿದ್ದು 1958ರಲ್ಲಿ. ಅಧ್ಯಾಪಕರ ಸಂಶೋಧನೆಗೆ ನೆರವಾಗಲು 1971ರಲ್ಲಿ ವೈಮಾನಿಕ ಸಂಶೋಧನೆ ಮತ್ತು ಅಭಿವೃದ್ಧಿ ಮಂಡಳಿಯೂ 1996ರಲ್ಲಿ ನೌಕಾ ಸಂಶೋಧನಾ ಮಂಡಳಿಯೂ ಬಂದವು.

ನೀವು ಮೊದಲು ತಿಳಿಯಬೇಕಾದದ್ದು ಹಣ ಯಾವ ದಾರಿಯಿಂದ ಬರುತ್ತಿದೆ ಎಂಬುದನ್ನು. ಮಂಡಳಿಯ ಅನುದಾನವಾದರೆ ಸಾಮಾನ್ಯವಾಗಿ ಮೂಲವಿಜ್ಞಾನದ ಪ್ರಶ್ನೆಯೇ ಕೇಂದ್ರದಲ್ಲಿರುತ್ತದೆ, ಪ್ರಕಟಣೆಗೆ ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಡಿಆರ್‌ಡಿಒದ ಪ್ರಯೋಗಾಲಯವೊಂದು ತನ್ನ ನಿರ್ದಿಷ್ಟ ಉಪಕರಣಕ್ಕಾಗಿ ಕೊಟ್ಟ ಕೆಲಸವಾದರೆ, ಹಸ್ತಪ್ರತಿ ಅವರ ಪರಿಶೀಲನೆಗೆ ಹೋಗಿ ಬರಬೇಕಾಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬನ ಪ್ರಬಂಧ ಹೀಗೆ ಹೋಗಿ ಮರಳಿದಾಗ, ಗ್ರಾಫ್‌ಗಳ ಅಕ್ಷಗಳಲ್ಲಿದ್ದ, ಉಪಕರಣದ ನಿಜವಾದ ಸಾಮರ್ಥ್ಯ ತಿಳಿಸುವ ವಾಟ್ ಮತ್ತು ಗಿಗಾಹರ್ಟ್ಸ್ ಅಂಕಿಗಳ ಸುತ್ತ ಪೆನ್ಸಿಲ್ ಗೆರೆ ಬಿದ್ದಿತ್ತು. ಗರಿಷ್ಠ ಮೌಲ್ಯವನ್ನು 1 ಎಂದಿಟ್ಟುಕೊಂಡು ಉಳಿದವನ್ನೆಲ್ಲ ಅನುಪಾತಗಳಾಗಿ ಬರೆದೆವು. ವಕ್ರರೇಖೆಯ ಆಕಾರವೂ ಅದರ ಹಿಂದಿನ ಕಾರಣವೂ ಹಾಗೆಯೇ ಉಳಿದವು, ಪರೀಕ್ಷಕರು ಒಪ್ಪಿದರು. ಆದರೆ ಆ ಓಡಾಟಕ್ಕೆ ಐದು ತಿಂಗಳು ಹಿಡಿಯಿತು, ಆ ಹುಡುಗನ ಪಾಲಿಗೆ ಅದು ಸಣ್ಣ ಅವಧಿಯಲ್ಲ.

ಹಣದ ಕಂತಿನ ಬಗ್ಗೆಯೂ ಎಚ್ಚರವಿರಲಿ. ಹಿಂದಿನ ಕಂತಿನ ಖರ್ಚಿನ ಲೆಕ್ಕ ತೋರಿಸುವ ಬಳಕೆ ಪ್ರಮಾಣಪತ್ರ ಸಲ್ಲಿಕೆಯಾಗದೆ ಮುಂದಿನದು ಬಿಡುಗಡೆಯಾಗುವುದಿಲ್ಲ. ಲೆಕ್ಕಪತ್ರದಲ್ಲಿ ಒಂದು ಸಹಿ ತಪ್ಪಿದರೂ ಫೆಲೋಶಿಪ್ ನಿಂತು, ಮಕ್ಕಳು ಮನೆಯಿಂದ ಹಣ ತರಿಸಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ.

ಉತ್ತರ 2 — ಬಾಸ್ಟನ್ ಕನ್ನಡಿಗ

ನಿಮ್ಮ ತಂದೆಯವರ ಪ್ರಶ್ನೆಯನ್ನು ಇಲ್ಲಿ ಒಂದು ತಲೆಮಾರಿನ ವಿದ್ಯಾರ್ಥಿಗಳು ಬೀದಿಯಲ್ಲಿ ನಿಂತು ಕೇಳಿದ್ದರು. ಇಲ್ಲಿನ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯ ಇನ್‌ಸ್ಟ್ರುಮೆಂಟೇಶನ್ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ಅವರ ತಂಡ ಅಪೊಲೊ ನೌಕೆಯನ್ನು ಚಂದ್ರನವರೆಗೆ ಒಯ್ದ ಕಂಪ್ಯೂಟರನ್ನು ರೂಪಿಸಿತು. ಜಲಾಂತರ್ಗಾಮಿಯಿಂದ ಹಾರುವ ಪೊಲಾರಿಸ್ ಕ್ಷಿಪಣಿಗೆ ದಾರಿ ತೋರುವ ವ್ಯವಸ್ಥೆ ಸಿದ್ಧವಾದದ್ದೂ ಅಲ್ಲಿಯೇ. ವಿಯೆಟ್ನಾಂ ಯುದ್ಧದ ದಿನಗಳಲ್ಲಿ, 1969ರ ನವೆಂಬರಿನಲ್ಲಿ, ಆ ಪ್ರಯೋಗಾಲಯದ ಮುಂದೆ ಪ್ರತಿಭಟನೆ ನಡೆದು ಪೊಲೀಸರು ಬರಬೇಕಾಯಿತು. ಕೊನೆಗೆ 1973ರಲ್ಲಿ ಅದು ಡ್ರೇಪರ್ ಲ್ಯಾಬೊರೇಟರಿ ಎಂಬ ಸ್ವತಂತ್ರ ಸಂಸ್ಥೆಯಾಯಿತು. ವಾಯುರಕ್ಷಣೆಗೆಂದು 1951ರಲ್ಲಿ ಹುಟ್ಟಿದ ಲಿಂಕನ್ ಪ್ರಯೋಗಾಲಯ ಮಾತ್ರ ಎಂಐಟಿಯ ಆಡಳಿತದಲ್ಲಿಯೇ, ಆದರೆ ಕ್ಯಾಂಪಸ್ಸಿನಿಂದ ದೂರ ಲೆಕ್ಸಿಂಗ್ಟನ್‌ನಲ್ಲಿ, ಇಂದಿಗೂ ಇದೆ. ರಹಸ್ಯದ ಕೆಲಸ ಅಲ್ಲಿ, ತರಗತಿಯ ಓದು ಇಲ್ಲಿ ಎಂಬ ಈ ವಿಂಗಡಣೆಯಿಂದ ವಿದ್ಯಾರ್ಥಿಗಳಿಗೆ ಒಳ್ಳೆಯದೇ ಆಯಿತು ಎಂದು ನನ್ನ ನಂಬಿಕೆ. ಮೂಲ ಸಂಶೋಧನೆಯ ಫಲಿತಾಂಶಗಳು ಸಾಧ್ಯವಾದಷ್ಟೂ ಮುಕ್ತವಾಗಿರಬೇಕು, ತಡೆಯಲೇಬೇಕಿದ್ದರೆ ಅದನ್ನು ವಿಧಿವತ್ತಾಗಿ ರಹಸ್ಯವೆಂದು ವರ್ಗೀಕರಿಸಬೇಕು ಎಂದು 1985ರಲ್ಲಿ ಅಮೆರಿಕ ಸರ್ಕಾರವೇ ಲಿಖಿತ ನಿರ್ದೇಶನ ಹೊರಡಿಸಿತು. ಎಲ್ಲಿ ಗೆರೆ ಎಂಬುದು ಕಾಗದದ ಮೇಲಿದ್ದರೆ ಅಧಿಕಾರಿ ಬದಲಾದರೂ ನಿಯಮ ಬದಲಾಗುವುದಿಲ್ಲ.

ಉತ್ತರ 3 — ಹಳೇ ಮೈಸೂರು

ನನ್ನದು ಬೇರೆ ಆತಂಕ. 2022-23ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣಾ ಸಂಶೋಧನೆಯ ಹಣದ ಶೇ. 25ನ್ನು ಉದ್ಯಮ, ನವೋದ್ಯಮ ಮತ್ತು ಶಿಕ್ಷಣ ಸಂಸ್ಥೆಗಳಿಗೆ ತೆರೆದಿಡುವುದಾಗಿ ಘೋಷಿಸಿದರು. ಹಣ ಬರುವ ಕಡೆಗೇ ಪ್ರಶ್ನೆಗಳೂ ವಾಲುತ್ತವೆ. ರೇಡಾರಿಗೆ ಸಿಗುವ ಉಪಕರಣ ರೈತರ ಪಂಪ್‌ಸೆಟ್ಟಿನ ಸಂಶೋಧನೆಗೆ ಸಿಗದಿದ್ದರೆ, ವಿಭಾಗದ ಬುದ್ಧಿವಂತ ಮಕ್ಕಳೆಲ್ಲ ಒಂದೇ ದಿಕ್ಕಿಗೆ ಹೋಗುತ್ತಾರೆ. ನೀವು ಸೇರಬೇಡಿ ಎನ್ನುತ್ತಿಲ್ಲ. ಗ್ಯಾಲಿಯಂ ನೈಟ್ರೈಡ್ ಇಂದು ಮೊಬೈಲ್ ಚಾರ್ಜರಿನಲ್ಲೂ ಇದೆ, ನಿಮ್ಮ ಕಲಿಕೆ ವ್ಯರ್ಥವಾಗದು. ಆದರೆ ತಂದೆಯವರ ಪ್ರಶ್ನೆಯನ್ನು ಹಗುರಾಗಿ ಕಾಣಬೇಡಿ.

ತುಂಗಾತೀರ (ಮತ್ತೆ)

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಇಂದು ಮಾರ್ಗದರ್ಶಕರನ್ನು ಕಂಡು ಮಂಜೂರಾತಿ ಪತ್ರ ತೋರಿಸಬಹುದೇ ಎಂದು ಕೇಳಿದೆ. ಅವರು ಬೇಸರಿಸಿಕೊಳ್ಳದೆ ಕಡತ ತೆರೆದು ಕೊಟ್ಟರು. ಅನುದಾನವು ಮಂಡಳಿಯಿಂದಲೇ ಬಂದಿದೆ. ಪ್ರಕಟಣೆಗೆ ಮುನ್ನ ಪ್ರತಿ ಕಳುಹಿಸಬೇಕು ಎಂದಿದೆ, ಎಷ್ಟು ದಿನದೊಳಗೆ ಉತ್ತರ ಬರಬೇಕು ಎಂಬುದಿಲ್ಲ. ಅರವತ್ತು ದಿನಗಳ ಗಡುವು ಸೇರಿಸುವಂತೆ ಅವರು ಪತ್ರ ಬರೆಯುತ್ತಿದ್ದಾರೆ. ತಂದೆಯವರನ್ನು ಮುಂದಿನ ವಾರ ಪ್ರಯೋಗಾಲಯಕ್ಕೆ ಕರೆದೊಯ್ದು, ಸೂಕ್ಷ್ಮದರ್ಶಕದ ಕೆಳಗಿರುವ ಆ ಉಗುರಿಗಿಂತ ಚಿಕ್ಕ ಚಿಪ್ ಅನ್ನು ತೋರಿಸಿ, ಕುಳಿತು ಮಾತಾಡಬೇಕೆಂದಿದ್ದೇನೆ.